ತಾಲೂಕುಗಳು ಹೆಚ್ಚಿದವು, ಸಿಬ್ಬಂದಿ ಹೆಚ್ಚಿದರೇ?

ಸರ್ಕಾರದ ಗಾತ್ರ ಬೆಳೆಯುತ್ತಿದೆ, ಅದರ ಭಾರವೆಲ್ಲ ತೆರಿಗೆದಾರನ ಮೇಲೆ ಬೀಳುತ್ತಿದೆ ಎಂಬುದು ವ್ಯಾಪಾರಸ್ಥರ ಹಳೆಯ ದೂರು. ವಿಜಯಪುರ ಜಿಲ್ಲೆಯಲ್ಲಿ ಈ ಚರ್ಚೆಗೆ ಕಣ್ಣೆದುರಿಗಿರುವ ಉದಾಹರಣೆ ಹೊಸ ತಾಲೂಕುಗಳು. ದಶಕಗಳ ಕಾಲ ವಿಜಯಪುರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ 5 ತಾಲೂಕುಗಳಷ್ಟೇ ಇದ್ದ ಜಿಲ್ಲೆಯಲ್ಲಿ ಈಗ ಅವುಗಳ ಸಂಖ್ಯೆ ಎರಡು ಪಟ್ಟನ್ನೂ ಮೀರಿದೆ. ತಿಕೋಟಾ ಮತ್ತು ಬಬಲೇಶ್ವರ ಎರಡೂ ವಿಜಯಪುರ ತಾಲೂಕಿನಿಂದಲೇ ಬೇರ್ಪಟ್ಟವು.

ವಾಸುದೇವರಾವ್ ಸಮಿತಿಯಿಂದ ಎಂ.ಬಿ. ಪ್ರಕಾಶ್ ಸಮಿತಿಯವರೆಗೆ ನಾಲ್ಕು ಸಮಿತಿಗಳು ತಾಲೂಕು ಪುನರ್ವಿಂಗಡಣೆಯನ್ನು ಪರಿಶೀಲಿಸಿದ್ದವು. 2013ರಲ್ಲಿ ಜಗದೀಶ ಶೆಟ್ಟರ್ ಅವರು 43 ಹೊಸ ತಾಲೂಕುಗಳನ್ನು ಘೋಷಿಸಿದರೂ ಅವು ಕಾಗದದಲ್ಲಿಯೇ ಉಳಿದವು. 2017ರ ಬಜೆಟ್ಟಿನಲ್ಲಿ ಸಿದ್ದರಾಮಯ್ಯನವರು ಮತ್ತೆ ಘೋಷಿಸಿದ ಮೇಲೆ, 2018ರ ಆರಂಭದಲ್ಲಿ ಐವತ್ತರಷ್ಟು ತಾಲೂಕುಗಳು ಅಸ್ತಿತ್ವಕ್ಕೆ ಬಂದವು.

ಬೇಡಿಕೆ ಅನ್ಯಾಯದ್ದಾಗಿರಲಿಲ್ಲ. ಗಡಿಯ ಕನಮಡಿಯ ದ್ರಾಕ್ಷಿ ಬೆಳೆಗಾರನು ಒಂದು ದಾಖಲೆಗಾಗಿ ವಿಜಯಪುರ ನಗರಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ದುಡಿಮೆಯೇ ಹೋದಂತೆ. ಆದರೆ ಕೇವಲ ಪಹಣಿಗಾದರೆ ಹೊಸ ಕಟ್ಟಡ ಬೇಕಿಲ್ಲ; ‘ಭೂಮಿ’ ಯೋಜನೆ ಆ ಕೆಲಸವನ್ನು ಎರಡು ದಶಕಗಳ ಹಿಂದೆಯೇ ಗಣಕಕ್ಕೆ ಒಪ್ಪಿಸಿದೆ. ಪೋಡಿ, ಹದ್ದುಬಸ್ತು, ತಕರಾರಿನ ವಿಚಾರಣೆ ಇವುಗಳಿಗೆ ಬೇಕಾದುದು ಸರ್ವೇಯರ್ ಮತ್ತು ತಹಶೀಲ್ದಾರ್. ಒಣದ್ರಾಕ್ಷಿ ಶೆಡ್ ಅಥವಾ ಶೀತಲಗೃಹ ಕಟ್ಟಬಯಸುವವನ ಬ್ಯಾಂಕ್ ಸಾಲ ನಿಲ್ಲುವುದು ಬಹುಮಟ್ಟಿಗೆ ಇಂಥ ದಾಖಲೆಗಳಲ್ಲಿಯೇ.

ವಿಪರ್ಯಾಸವಿರುವುದು ಇಲ್ಲಿ. ರಾಜ್ಯದಲ್ಲಿ ಮಂಜೂರಾದ ಸುಮಾರು 7.7 ಲಕ್ಷ ಹುದ್ದೆಗಳ ಪೈಕಿ ಎರಡೂವರೆ ಲಕ್ಷಕ್ಕೂ ಹೆಚ್ಚು ಖಾಲಿ ಇವೆಯೆಂಬುದು ಇತ್ತೀಚಿನ ವರ್ಷಗಳ ಲೆಕ್ಕ. ಆದರೂ ವೆಚ್ಚ ಇಳಿದಿಲ್ಲ. 2024ರ ಆಗಸ್ಟ್‌ನಿಂದ ಜಾರಿಯಾದ 7ನೇ ವೇತನ ಆಯೋಗದ ಶಿಫಾರಸುಗಳಿಂದ ಬೊಕ್ಕಸಕ್ಕೆ ವರ್ಷಕ್ಕೆ ₹20,208 ಕೋಟಿ ಹೆಚ್ಚುವರಿ ಹೊರೆಯೆಂದು ಸರ್ಕಾರವೇ ಅಂದಾಜಿಸಿತ್ತು. 2017-18ರಲ್ಲಿ ₹1.86 ಲಕ್ಷ ಕೋಟಿಯಿದ್ದ ಬಜೆಟ್ 2025-26ಕ್ಕೆ ₹4.09 ಲಕ್ಷ ಕೋಟಿಗೆ ಏರಿತು. ಇದರಲ್ಲಿ ಬೆಲೆ ಏರಿಕೆಯ ಪಾಲೂ ಇದೆಯೆನ್ನಿ. ಫಲಕಗಳು ಹೆಚ್ಚುತ್ತವೆ, ಸಂಬಳದ ಮೊತ್ತವೂ ಹೆಚ್ಚುತ್ತದೆ, ಮೇಜಿನ ಹಿಂದಿನ ಕುರ್ಚಿ ಮಾತ್ರ ಖಾಲಿ! ಆದ್ದರಿಂದ ಸರ್ಕಾರ ದೊಡ್ಡದಾಯಿತೆಂಬ ದೂರು ಅರ್ಧ ಸತ್ಯವಷ್ಟೇ.

ಸರ್ಕಾರಿ ವೆಚ್ಚವೆಲ್ಲ ಪೋಲೆನ್ನುವವರು ಇದೇ ಭಾಗದ ತುಬಚಿ-ಬಬಲೇಶ್ವರ ಏತ ನೀರಾವರಿಯನ್ನೂ ನೋಡಬೇಕು. ಟ್ಯಾಂಕರ್ ನೀರಿನಿಂದ ದ್ರಾಕ್ಷಿ ತೋಟ ಉಳಿಸಿಕೊಳ್ಳುತ್ತಿದ್ದ ಸೀಮೆಗೆ ಕೃಷ್ಣೆಯ ನೀರು ತರುವುದು ಖಾಸಗಿ ಬಂಡವಾಳದಿಂದ ಆಗುವ ಮಾತಾಗಿರಲಿಲ್ಲ. ತೋಟ ಉಳಿದರೆ ಒಣದ್ರಾಕ್ಷಿ ವಹಿವಾಟು, ಗೊಬ್ಬರದ ಅಂಗಡಿ, ರಟ್ಟಿನ ಪೆಟ್ಟಿಗೆಯ ಕಾರಖಾನೆಗಳೂ ಉಳಿಯುತ್ತವೆ.

ಹೊಸ ಕಚೇರಿಗಳನ್ನು ಅಳೆಯಲು ಹೊಸ ಸಮಿತಿ ಬೇಕಿಲ್ಲ. 2011ರ ಸಕಾಲ ಕಾಯ್ದೆಯನ್ವಯ ಸೇವೆಗಳಿಗೆ ಕಾಲಮಿತಿ ನಿಗದಿಯಾಗಿದೆ. ತಿಕೋಟಾ, ಬಬಲೇಶ್ವರಗಳಲ್ಲಿ ಎಷ್ಟು ಅರ್ಜಿಗಳು ಬಂದವು, ಎಷ್ಟು ಅವಧಿಯೊಳಗೆ ವಿಲೇವಾರಿಯಾದವು, ಎಷ್ಟು ಹುದ್ದೆಗಳು ಭರ್ತಿಯಾಗಿವೆ ಎಂಬ ಅಂಕಿಗಳನ್ನು ವಾಣಿಜ್ಯ ಸಂಸ್ಥೆಗಳು ಬಜೆಟ್ ಪೂರ್ವ ಸಭೆಗಳಲ್ಲಿ ಲಿಖಿತವಾಗಿ ಕೇಳಬಹುದಾಗಿದೆ.