ಬೋಕಿಯ ಮೇಲಿನ ಗೀರು

ನವಲಗುಂದ, ಕುಂದಗೋಳ ಸೀಮೆಯ ಎರಿ ಹೊಲಗಳಲ್ಲಿ, ಹಾಳೂರು ದಿಬ್ಬದ ಬದಿಗೆ ಕುಂಟಿ ಹೊಡೆದರೆ ಬೋಕಿ ಏಳುತ್ತವೆ. ರೈತರು ಆರಿಸಿ ಬದುವಿಗೆ ಎಸೆಯುತ್ತಾರೆ. ಅವುಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪು ಇರುವ ನುಣುಪಾದ ಚೂರು ಸಿಕ್ಕರೆ ತೊಳೆದು, ಇಳಿಬಿಸಿಲಿಗೆ ಓರೆಯಾಗಿ ಹಿಡಿದು, ಮೇಲೆ ಕೊರೆದ ಗೀರು ಇದೆಯೇ ಎಂದು ನೋಡಬೇಕು.

ಇಂಥ ಮಡಕೆಗಳ ಕಾಲವನ್ನು ನಮ್ಮ ಭಾಗದಲ್ಲಿ ಪದರು ಪದರಾಗಿ ತೆರೆದು ತೋರಿಸಿದ್ದು ತುಂಗಭದ್ರೆಯ ದಂಡೆಯ ಹಳ್ಳೂರು. ಈಗದು ಹಾವೇರಿ ಜಿಲ್ಲೆಯ ಊರು; 1965ರಲ್ಲಿ ಎಂ.ಎಸ್. ನಾಗರಾಜರಾವ್ ಉತ್ಖನನ ನಡೆಸಿದಾಗ ಅಖಂಡ ಧಾರವಾಡ ಜಿಲ್ಲೆಯಲ್ಲಿತ್ತು. ಕೆಳಗಿನ ಪದರುಗಳಲ್ಲಿ ಕಲ್ಲಿನ ಕೊಡಲಿ, ಬೂದುಬಣ್ಣದ ಮಡಕೆ. ಮೇಲೆ ಬಂದಂತೆ ಕಬ್ಬಿಣದ ಬಾಣದ ಮೊನೆ, ಅದರ ಜೊತೆಗೇ ಬಿಳಿ ಗೆರೆ ಬಳಿದ ಕಪ್ಪು-ಕೆಂಪು ಮಡಕೆ. ಕಾಲ ಕ್ರಿ.ಪೂ. 1000ದ ಆಸುಪಾಸು.

ಬಳಿದ ಗೆರೆ ಮಡಕೆಯ ಅಂದಕ್ಕೆ. ಕೊರೆದ ಗೀರಿನ ಕಥೆ ಬೇರೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್, ಮಸ್ಕಿಯಲ್ಲಿ 1954ರಲ್ಲಿ ಬಿ.ಕೆ. ಥಾಪರ್ ಅಗೆಸಿದಾಗ ಇಂಥ ಗೀರಿನ ಬೋಕಿಗಳು ಸಿಕ್ಕವು. ಹಸಿಮಣ್ಣಿನಲ್ಲಿ ಎಳೆದ ಗೀರಿನ ಅಂಚಿಗೆ ಮಣ್ಣು ಸರಿದು ಸಣ್ಣ ಏರಿ ಕಟ್ಟಿರುತ್ತದೆ. ಸುಟ್ಟ ಮೇಲೆ ಕೊರೆದರೆ ಅಂಚು ಒರಟು, ಮೇಲಿನ ಹೊಳಪು ಚಕ್ಕೆಯೆದ್ದಿರುತ್ತದೆ. ಕಪ್ಪು-ಕೆಂಪು ಮಡಕೆ ಬಳಕೆಯಲ್ಲಿದ್ದ ಬೃಹತ್ ಶಿಲಾಸಮಾಧಿ ಕಾಲದ ಗೀರುಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವು. ಅಂದರೆ ಆವಿಗೆಯಿಂದ ಹೊರಬಂದ ಮೇಲೆ, ಬಹುಶಃ ಮಡಕೆ ಕೊಂಡವರ ಕೈಯಲ್ಲಿ, ಆ ಗುರುತು ಬಿದ್ದಿದೆ.

ಮದುವೆಯಲ್ಲಿ ಕೊಟ್ಟ ಹಿತ್ತಾಳೆ ಕೊಡದ ಮೇಲೆ ಹೆಸರು ಕೆತ್ತಿಸುವ ರೂಢಿ ನಮ್ಮಲ್ಲಿದೆಯಲ್ಲ! ಅಡುಗೆಮನೆಯಲ್ಲೇ ಇರುವ ಪಾತ್ರೆಗೆ ಹೆಸರು ಬೇಡ. ನಾಲ್ಕು ಮನೆಯ ಪಾತ್ರೆ ಒಂದೆಡೆ ಸೇರಿದಾಗ ಬೇಕು. ಮೂರು ಸಾವಿರ ವರ್ಷದ ಹಿಂದೆಯೂ ಹಲವು ಮನೆಗಳ ಮಡಕೆಗಳು ಸೇರುವ ಸಂದರ್ಭ, ಬಹುಶಃ ಶವಸಂಸ್ಕಾರ, ಇದ್ದಿರಬೇಕು. ತಮಿಳುನಾಡಿನ ಸಾನೂರಿನಲ್ಲಿ ಒಂದೇ ಸಮಾಧಿಯ ಹಲವು ಮಡಕೆಗಳಿಗೆ ಒಂದೇ ಗುರುತಿತ್ತು. ಅದೇ ರಾಜ್ಯದ ಕೊಡುಮಣಲ್‌ನಲ್ಲಿ ತಮಿಳು-ಬ್ರಾಹ್ಮಿಯಲ್ಲಿ ಬರೆದ ಹೆಸರಿನ ಪಕ್ಕದಲ್ಲೇ ಇಂಥ ಗುರುತುಗಳಿವೆ. ಅಕ್ಷರ ಬಂದ ಮೇಲೂ ಜನ ಗುರುತನ್ನು ಬಿಡಲಿಲ್ಲ. ಹೀಗಾಗಿ ಅದು ಒಂದು ಮನೆತನದ, ಬಳಿಯ ಚಿಹ್ನೆ ಎಂಬ ವಾದ ನನಗೆ ಒಪ್ಪಿಗೆಯಾಗುತ್ತದೆ.

ಇನ್ನು ಸಿಂಧೂ ಲಿಪಿಯ ನಂಟು. ಈ ಗುರುತುಗಳಲ್ಲಿ ಶೇ 89ರಷ್ಟು ಹರಪ್ಪ ಹಾಗೂ ತಾಮ್ರಶಿಲಾಯುಗದ ಕಾಲದಲ್ಲೇ ಇದ್ದವೆಂದು ಪುರಾತತ್ವಜ್ಞ ಬಿ.ಬಿ. ಲಾಲ್ 1960ರಲ್ಲಿ ತೋರಿಸಿದರು. ಹೋಲಿಕೆ ನಿಜ. ಆದರೆ ಏಣಿ, ಬಾಣ, ಕತ್ತರಿಗೆರೆಗಳನ್ನು ಯಾವ ನಾಡಿನವರೂ ತಾವಾಗಿ ಗೀಚಬಲ್ಲರು. ಲಿಪಿ ಎನ್ನಲು ಚಿಹ್ನೆಗಳು ಸಾಲಾಗಿ, ಒಂದು ಕ್ರಮದಲ್ಲಿ ಬರಬೇಕು. ಇವು ಬಹುಪಾಲು ಒಂಟಿಯಾಗಿವೆ.

ಗುರುತಿಗೆ ಅರ್ಥ ಬರುವುದು ಅಕ್ಕಪಕ್ಕದ ಮಡಕೆಗಳಿಂದ. ಆದರೆ ನಮ್ಮ ಊರುಗಳಲ್ಲಿ ಹಾಳುದಿಬ್ಬದ ಮಣ್ಣು ಗೊಬ್ಬರಕ್ಕೆ ಚಲೋ ಎಂದು ಹೊಲಕ್ಕೆ ಹೇರುತ್ತಾರೆ. ಮೊದಲು ಚಕ್ಕಡಿಯಲ್ಲಿ ಹೋಗುತ್ತಿದ್ದ ಮಣ್ಣು ಈಗ ಜೆಸಿಬಿ ಬಾಯಿಂದ ಟ್ರ್ಯಾಕ್ಟರಿಗೆ ಬೀಳುತ್ತದೆ. ಗೀರಿನ ಬೋಕಿಯೇನೋ ಉಳಿಯುತ್ತದೆ. ಅದು ಯಾವ ಪದರಿನಲ್ಲಿ, ಯಾವ ಸಮಾಧಿಯಲ್ಲಿ, ಯಾವ ಮಡಕೆಯ ಜೊತೆ ಇತ್ತೆಂದು ಆಮೇಲೆ ಯಾರೂ ಹೇಳಲಾರರು.