ಊದಗೊಳವಿಯ ಕಾಗದದ ಬಾಣ: ಗುರಿ ಆಮೇಲೆ, ಮೊದಲು ಉಸಿರು ಕಲೀರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬೇಸಿಗೆ ರಜೆ ಬಂತಂದ್ರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆ ಹುಡುಗರ ಕೈಗೆ ಏನಾದರೂ ಒಂದು ಹೊಸ ಆಟ ಹತ್ತಿಕೊಳ್ಳುತ್ತದೆ. ಪ್ಲಂಬಿಂಗ್ ಪೈಪು ಕೊಯ್ಯೋದು, ಕಾಗದ ಸುತ್ತಿ ಬಾಣ ಮಾಡೋದು, ಪೈಪಿನೊಳಗೆ ಇಟ್ಟು ಊದೋದು. ಮೊಬೈಲ್ ವಿಡಿಯೋ ನೋಡಿ ಕಲಿತ ವಿದ್ಯೆ. ಇದಕ್ಕೆ ತಂದೆ-ತಾಯಂದಿರ ಪ್ರಶ್ನೆ ಒಂದೇ: "ಬಿಡಬೇಕೋ, ಕಸಗೊಂಡು ಮುರೀಬೇಕೋ?"

ಮುರಿಯೋದು ಬ್ಯಾಡ್ರಿ. ಆಟ ಒಳ್ಳೇದೇ ಇದೆ. ಆದ್ರೆ ಇದರಲ್ಲಿ ದೊಡ್ಡ ಅಪಾಯ ಬಹಳ ಜನ ತಿಳಿದ ಕಡೆ ಇಲ್ಲ. ಬಾಣ ಮುಂದಕ್ಕೆ ಹೋಗಿ ಯಾರಿಗಾದರೂ ಚುಚ್ಚೀತು ಅಂತ ಎಲ್ಲರಿಗೂ ಹೆದರಿಕೆ. ಅದು ಹಿಂದಕ್ಕೆ ಬಂದು ಊದುವವನ ಗಂಟಲಿಗೆ ಇಳಿಯಬಹುದು ಅನ್ನೋದು ಯಾರ ತಲೆಗೂ ಹೊಳೆಯೋದಿಲ್ಲ. ಇವತ್ತಿನ ಮಾತು ಮುಖ್ಯವಾಗಿ ಅದರ ಮೇಲೆ.

ಮೊದಲು ಈ ಕೊಳವೆಯ ಪರಿಚಯ ಮಾಡಿಕೊಳ್ಳೋಣ. ನಮಗೆ ಇದು ಹೊಸದೇನಲ್ಲ. ಒಲೆ ಇದ್ದ ಮನೆಯಲ್ಲೆಲ್ಲ ಊದಗೊಳವಿ ಇತ್ತು, ಈಗಲೂ ಎಷ್ಟೋ ಮನೆಯಲ್ಲಿದೆ. ಮೊಳ ಉದ್ದದ ಕಬ್ಬಿಣದ ಕೊಳವೆ. ನಿಪ್ಪಾಣಿ ಕಡೆ ಮರಾಠಿ ಮಾತಾಡೋ ಮನೆಗಳಲ್ಲಿ ಅದನ್ನೇ ಫುಂಕಣಿ ಅಂತಾರೆ. ಪತ್ತಾರರ ಅಂಗಡಿಯಲ್ಲಿ ಬೆಸುಗೆ ಹಾಕುವಾಗ ದೀಪದ ಉರಿಯನ್ನು ಸಣ್ಣ ಬಾಗಿದ ಕೊಳವೆಯಿಂದ ಊದಿ ಬಂಗಾರದ ಮೇಲೆ ತಿರುಗಿಸುತ್ತಿದ್ದರು. ಬಾಣ ಬಿಡೋದಕ್ಕೆ ಮಾತ್ರ ನಮ್ಮ ಹೊಲಗಳಲ್ಲಿ ಕೊಳವೆ ಕಾಣೋದಿಲ್ಲ. ಜೋಳದ ತೆನೆಗೆ ಬರುವ ಹಕ್ಕಿ ಓಡಿಸೋದಕ್ಕೆ ನಮ್ಮೋರ ಕೈಯಾಗ ಇದ್ದದ್ದು ಕವಣಿ.

ದಕ್ಷಿಣ ಭಾರತದಲ್ಲಿ ಊದುಬಾಣ ಇರಲೇ ಇಲ್ಲ ಅಂತ ಮಾತ್ರ ತಿಳೀಬ್ಯಾಡ್ರಿ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯಲ್ಲಿದ್ದ ಜೇಮ್ಸ್ ಹಾರ್ನೆಲ್ 1924ರಲ್ಲಿ ದಕ್ಷಿಣ ಭಾರತದ ಊದುಗೊಳವೆ, ಬೂಮರಾಂಗ್ ಮತ್ತು ಅಡ್ಡಬಿಲ್ಲುಗಳ ಮೇಲೆ ಲಂಡನ್ನಿನ ಮಾನವಶಾಸ್ತ್ರ ಪತ್ರಿಕೆಯಲ್ಲಿ ಒಂದು ಲೇಖನವನ್ನೇ ಬರೆದ. ಹೊರಗೆ ನೋಡಿದರೆ ಬೋರ್ನಿಯೊ ದ್ವೀಪದವರು ಗಟ್ಟಿ ಮರವನ್ನು ಉದ್ದಕ್ಕೆ ಕೊರೆದು ಕೊಳವೆ ಮಾಡುತ್ತಿದ್ದರು. ಅಮೆಜಾನ್ ಕಾಡಿನವರು ಬಾಣದ ತುದಿಗೆ ಕುರಾರೆ ಎಂಬ ವಿಷ ಸವರುತ್ತಿದ್ದರು. ಜಪಾನಿನಲ್ಲಿ ಇದರ ಹೆಸರು ಫುಕಿಯಾ. ಅಲ್ಲಿ ಈಗ ಅದು ವಯಸ್ಸಾದವರೂ ಆಡುವ ಕ್ರೀಡೆ. 120 ಸೆಂಟಿಮೀಟರ್ ಕೊಳವೆ, 6ರಿಂದ 10 ಮೀಟರ್ ದೂರ, ಗುರಿಯ ನಟ್ಟನಡುವೆ ಬಿದ್ದರೆ 7 ಅಂಕ. ಮೂಗಿನಿಂದ ಹೊಟ್ಟೆತುಂಬ ಉಸಿರು ಎಳೆದುಕೊಳ್ಳೋದು ಅಲ್ಲಿ ಆಟದ ಕ್ರಮದ ಒಂದು ಭಾಗ. ಅದನ್ನು ಆರೋಗ್ಯಕ್ಕೆ ಒಳ್ಳೇದು ಅಂತ ಆಡೋರೂ ಇದ್ದಾರೆ.

ಈಗ ಕೊಳವೆಯೊಳಗೆ ಏನಾಗುತ್ತೆ ನೋಡೋಣ. ಲೆಕ್ಕ ಸ್ವಲ್ಪ ಐತಿ, ಆದ್ರೆ ಮಜಾ ಐತಿ.

ದೊಡ್ಡವರು ಜೋರಾಗಿ ಊದಿದಾಗ ಬಾಯಲ್ಲಿ ಹುಟ್ಟುವ ಒತ್ತಡ ಸುಮಾರು ಒಂದು ಮೀಟರ್ ಎತ್ತರದ ನೀರಿನ ಒತ್ತಡದಷ್ಟು. ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಹತ್ತನೇ ಒಂದು ಭಾಗ. ಸೈಕಲ್ ಟ್ಯೂಬಿಗೆ ಹೊಡೆಯೋ ಗಾಳಿಯ ಮುಂದೆ ಇದು ಏನೇನೂ ಅಲ್ಲ. ಆದರೆ ಬಾಣ ಹಗುರ. ಒಳಗಿನ ಅಡ್ಡಳತೆ 13 ಮಿಲಿಮೀಟರ್ ಇರುವ ಕೊಳವೆ ತಗೊಳ್ರಿ. ಬಾಣದ ಬೆನ್ನಿಗೆ ಬೀಳುವ ಬಲ ಸುಮಾರು 130 ಗ್ರಾಂ ತೂಕದಷ್ಟು. ಬಾಣದ ತೂಕ ಒಂದು ಗ್ರಾಂ. ತನ್ನ ತೂಕದ 130 ಪಟ್ಟು ಬಲ ಹಿಂದಿನಿಂದ ನೂಕಿದರೆ ಏನಾದೀತು? 120 ಸೆಂಟಿಮೀಟರ್ ಕೊಳವೆ ದಾಟಿ ಹೊರಬೀಳುವ ಹೊತ್ತಿಗೆ ಬರೀ ಲೆಕ್ಕದ ಪ್ರಕಾರ ಗಂಟೆಗೆ 200 ಕಿಲೋಮೀಟರ್ ವೇಗ. ಗಾಳಿ ಸೋರಿಕೆ, ತಿಕ್ಕಾಟ ಎಲ್ಲ ಕಳೆದು ಅದರ ಅರ್ಧ ಉಳೀತು ಅಂದ್ರೂ ಗಂಟೆಗೆ 100 ಕಿಲೋಮೀಟರ್. ಕಾಗದದ ಚೂರು ಅಂತ ಹಗುರವಾಗಿ ನೋಡಬಾರದು ಅನ್ನೋದಕ್ಕೆ ಇದೇ ಕಾರಣ. ಕಣ್ಣಿಗೆ ಬಡಿದರೆ ಕಣ್ಣು ಹೋಗುತ್ತದೆ.

ಇನ್ನೊಂದು ಲೆಕ್ಕ. ಅಷ್ಟು ಉದ್ದದ ಕೊಳವೆ ತುಂಬೋದಕ್ಕೆ ಬೇಕಾದ ಗಾಳಿ ಬರೀ 160 ಮಿಲಿಲೀಟರ್. ನಾವು ಸುಮ್ಮನೆ ಕೂತು ಬಿಡುವ ಒಂದು ಉಸಿರೇ ಅರ್ಧ ಲೀಟರ್ ಇರುತ್ತದೆ. ಅಂದ್ರೆ ಎದೆ ಒಡೆಯೋ ಹಂಗ ಗಾಳಿ ತುಂಬಿಕೊಳ್ಳೋ ಅಗತ್ಯವೇ ಇಲ್ಲ. ಬೇಕಾದದ್ದು ಗಾಳಿಯ ಪ್ರಮಾಣ ಅಲ್ಲ, ಅದು ಒಮ್ಮೆಲೇ ಹೊರಬೀಳೋದು. ಬಲೂನು ಊದಿದ ಹಾಗೆ ಗಲ್ಲ ಉಬ್ಬಿಸಿ ಊದಿದರೆ ಬಾಣ ಕೊಳವೆಯ ಬಾಯಲ್ಲೇ ಜೋತು ಬೀಳುತ್ತದೆ. ಬಾಯಿಗೆ ಬಂದ ಕಬ್ಬಿನ ಸಿಪ್ಪೆಯನ್ನು 'ಥೂ' ಅಂತ ದೂರ ಉಗುಳ್ತೀವಲ್ಲ, ಅಷ್ಟು ಚುರುಕು ಬೇಕು. ಬಲ ಗಲ್ಲದಿಂದ ಅಲ್ಲ, ಹೊಟ್ಟೆಯಿಂದ ಬರಬೇಕು. ಹನ್ನೆರಡು ವರ್ಷದ ಹುಡುಗಿ ಸರಿಯಾಗಿ ಊದಿದರೆ ಮೀಸೆ ಬಂದ ಅಣ್ಣನ್ನ ಸೋಲಿಸೋದು ಇಲ್ಲೇ.

ಇನ್ನು ಮಾಡೋ ಕೆಲಸ. ಪೈಪು ಹೊಸದೇ ಇರಲಿ, ಇದನ್ನ ಒತ್ತಿ ಹೇಳ್ತೀನಿ. ನಮ್ಮ ಭಾಗದ ಪ್ರತಿ ಹೊಲದಲ್ಲೂ ಪೈಪಿನ ತುಂಡು ಬಿದ್ದಿರುತ್ತವೆ, ಕಬ್ಬಿಗೆ ಹಾಕಿದ ಡ್ರಿಪ್ ಪೈಪು, ಔಷಧ ಹೊಡೆಯೋ ಪಂಪಿನ ನಳಿಕೆ. ಅದರೊಳಗೆ ರಸಗೊಬ್ಬರ ಹರಿದಿರುತ್ತದೆ, ಕೀಟನಾಶಕ ಹರಿದಿರುತ್ತದೆ. ಎಷ್ಟು ತೊಳೆದರೂ ಅದು ಬಾಯಿಗೆ ಹಚ್ಚೋ ವಸ್ತು ಅಲ್ಲ. ಅರ್ಧ ಇಂಚಿನ ಹೊಸ ಪಿವಿಸಿ ಪೈಪು ಒಂದು ಮೀಟರ್ ಕೊಯ್ಸಿಕೊಂಡು ಬರ್ರಿ. ಕೊಯ್ದ ಎರಡೂ ಅಂಚನ್ನು ಪಾಲಿಶ್ ಕಾಗದದಿಂದ ತಿಕ್ಕಿ ನುಣ್ಣಗೆ ಮಾಡ್ರಿ.

ಬಾಣಕ್ಕೆ ಹಳೇ ಕ್ಯಾಲೆಂಡರಿನ ಹಾಳೆ ಬಹಳ ಛಲೋ. ನುಣುಪು ಇರುತ್ತೆ, ಉಗುಳು ತಾಗಿದರೆ ಬೇಗ ಮೆತ್ತಗಾಗೋದಿಲ್ಲ. ಜಾತ್ರೆಯಲ್ಲಿ ಚುರಮುರಿ ಹಾಕಿ ಕೊಡ್ತಾರಲ್ಲ ಕಾಗದದ ಸುರುಳಿ, ಅದೇ ಆಕಾರ, ಆದರೆ ಸಣ್ಣದು ಮತ್ತು ಬಿಗಿ. ಅಂಚಿಗೆ ಅಂಟು ಹಚ್ಚಿ ಒಣಗಿಸಿ. ಆಮೇಲೆ ಚೂಪು ಭಾಗ ಮುಂದೆ ಮಾಡಿ ಪೈಪಿನೊಳಗೆ ತೂರಿಸಿ. ಅಗಲವಾದ ಹಿಂಭಾಗ ಪೈಪಿನ ಅಂಚಿಗೆ ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಅದಕ್ಕಿಂತ ಕೂದಲೆಳೆಯಷ್ಟು ಒಳಗೆ ಕತ್ತರಿಸಬೇಕು. ಹೆಚ್ಚು ಕತ್ತರಿಸಿದರೆ ಸುತ್ತಲೂ ಗಾಳಿ ಸೋರಿ ಬಾಣ ಸತ್ತ ಹಂಗ ಬೀಳುತ್ತದೆ. ಕಡಿಮೆ ಕತ್ತರಿಸಿದರೆ ಜಾಮ್ ಆಗುತ್ತದೆ. ಆಟದ ಅರ್ಧ ವಿದ್ಯೆ ಈ ಕತ್ತರಿಯಲ್ಲೇ ಇದೆ.

ಮೂತಿಗೆ ತೂಕ ಬೇಕು. ಸುರುಳಿಯ ತುದಿಯನ್ನು ಸ್ವಲ್ಪ ಕತ್ತರಿಸಿ ಮೊಂಡು ಮಾಡಿ, ಒಳಗಿನಿಂದ ಜೋಳದ ಎರಡು-ಮೂರು ಕಾಳಿನಷ್ಟು ಮೇಣ ಅಥವಾ ಅಂಟು ತುಂಬಿರಿ. ಮುಂದೆ ಭಾರ, ಹಿಂದೆ ಅಗಲ ಇದ್ದರೆ ಗಾಳಿ ಹಿಂಭಾಗವನ್ನು ಹಿಡಿದು ಜಗ್ಗುತ್ತದೆ, ಮೂತಿ ತಾನಾಗಿ ಮುಂದೆ ನಿಲ್ಲುತ್ತದೆ. ತೂಕ ಇಲ್ಲದಿದ್ದರೆ ಬಾಣ ಗಾಳಿಯಲ್ಲೇ ಲಾಗ ಹಾಕುತ್ತದೆ.

ಸೂಜಿ, ಮೊಳೆ, ಜಾಲಿ ಮುಳ್ಳು ಬ್ಯಾಡವೇ ಬ್ಯಾಡ. ವಿಡಿಯೋದಲ್ಲಿ ಇರುತ್ತೆ, ಗೊತ್ತು. ಗುರಿ ಕಲಿಯೋದಕ್ಕೆ ಚುಚ್ಚುವ ತುದಿಯ ಅವಶ್ಯಕತೆಯೇ ಇಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. 2013ರಲ್ಲಿ ಅಮೆರಿಕದ 'ಪೀಡಿಯಾಟ್ರಿಕ್ಸ್' ಎಂಬ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಒಹಾಯೊ ರಾಜ್ಯದ ವೈದ್ಯರು ಒಂದು ವರದಿ ಬರೆದರು. ಮೂರು ತಿಂಗಳೊಳಗೆ ಹದಿಹರೆಯದ ಮೂವರು ಹುಡುಗರು ಅವರ ಬಳಿ ಬಂದಿದ್ದರು. ಮೂವರೂ ಮನೆಯಲ್ಲೇ ಮಾಡಿದ ಊದುಗೊಳವೆಯ ಬಾಣವನ್ನು ಉಸಿರಿನ ಜೊತೆ ಒಳಗೆಳೆದುಕೊಂಡಿದ್ದರು. ಮಾಡೋ ವಿಧಾನ ಸಿಕ್ಕಿದ್ದು ಇಂಟರ್ನೆಟ್ಟಿನಲ್ಲಿ.

ಹೇಗಾಗುತ್ತೆ ಅಂದ್ರೆ, ಹುಡುಗ ಬಾಣ ಇಡ್ತಾನೆ, ಕೊಳವೆ ಬಾಯಿಗೆ ಹಚ್ಚುತ್ತಾನೆ, ಆಮೇಲೆ ಜೋರಾಗಿ ಊದಬೇಕಲ್ಲ ಅಂತ ಜೋರಾಗಿ ಉಸಿರು ಎಳೆದುಕೊಳ್ಳುತ್ತಾನೆ, ಬಾಯಿಯಿಂದ, ಕೊಳವೆಯ ಮೂಲಕವೇ. ಮುಂದಕ್ಕೆ ನೂಕುವ ಲೆಕ್ಕ ಈಗಷ್ಟೇ ಹೇಳಿದೆನಲ್ಲ, ಅದು ಹಿಂದಕ್ಕೂ ಅನ್ವಯ ಆಗುತ್ತದೆ. ಕೊಳವೆಗೆ ಬಿಗಿಯಾಗಿ ಕೂರುವ ಹಾಗೆ ನಾವೇ ಕತ್ತರಿಸಿದ ಬಾಣ ಪಿಚಕಾರಿಯ ದಟ್ಟದಂತೆ ಹಿಂದೆ ಸರಿಯುತ್ತದೆ. ತುಟಿಯಿಂದ ಅದು ಇರೋದೇ ಒಂದೆರಡು ಬೆರಳು ದೂರ. ಜೋರಾಗಿ ಉಸಿರು ಎಳೆಯುವಾಗ ಗಂಟಲಿನ ಧ್ವನಿತಂತುಗಳು ಅಗಲ ತೆರೆದಿರುತ್ತವೆ. ಹಾಗಾಗಿ ಬಾಣ ಅನ್ನನಾಳ ಬಿಟ್ಟು ನೇರ ಶ್ವಾಸನಾಳಕ್ಕೆ ಹೋಗುತ್ತದೆ. ಅಲ್ಲಿಂದ ಹೆಚ್ಚಾಗಿ ಬಲಗಡೆಗೆ, ಯಾಕಂದ್ರೆ ಬಲ ಶ್ವಾಸಕೋಶಕ್ಕೆ ಹೋಗುವ ಕೊಳವೆ ಅಗಲ ಹೆಚ್ಚು, ನೆಟ್ಟಗೂ ಇರುತ್ತದೆ.

ನಮ್ಮ ಅಜ್ಜಿಯಂದಿರು ಈ ತಪ್ಪು ಮಾಡುತ್ತಿರಲಿಲ್ಲ. ಒಲೆಯ ಮುಂದೆ ಕೂತು ಊದಗೊಳವಿಗೆ ಬಾಯಿ ಹಚ್ಚಿ ಉಸಿರು ಎಳೆದರೆ ಹೊಗೆ, ಬೂದಿ ಎಲ್ಲ ಬಾಯಿಗೆ. ಅದಕ್ಕೇ ಅವರು ಮುಖ ಆಚೆ ತಿರುಗಿಸಿ ಉಸಿರು ತಗೊಂಡು, ಆಮೇಲೆ ತುಟಿ ಹಚ್ಚಿ ಊದಿ, ಮತ್ತೆ ತುಟಿ ಬಿಡಿಸುತ್ತಿದ್ದರು. ಬಾಣಕ್ಕೂ ಇದೇ ಕ್ರಮ. ಕೊಳವೆ ಎದೆಯ ಮಟ್ಟದಲ್ಲಿ ಇರಲಿ. ಮೂಗಿನಿಂದ ಉಸಿರು ಎಳೆದು ಹಿಡೀರಿ. ಆಮೇಲೆ ಕೊಳವೆ ತುಟಿಗೆ ಹಚ್ಚಿ ಊದಿರಿ. ಬಾಣ ಹೋಗಲಿಲ್ಲವೇ? ಕೊಳವೆ ಬಾಯಿಂದ ತೆಗೆದು, ಆಮೇಲೆ ಮತ್ತೊಂದು ಉಸಿರು. ಹುಡುಗರಿಗೆ ಖಾಲಿ ಕೊಳವೆಯಲ್ಲಿ ಒಂದು ದಿನ ಪೂರ್ತಿ ಇದನ್ನೇ ಮಾಡಿಸಿ, ಅದು ರೂಢಿ ಆದಮೇಲೆ ಬಾಣ ಕೊಡ್ರಿ.

ರೂಢಿಯನ್ನಷ್ಟೇ ನಂಬಬೇಡಿ, ಒಂದು ಜಾಲರಿಯನ್ನೂ ಹಾಕಿ. ಪೈಪಿನ ಅಂಗಡಿಯಲ್ಲಿ ಎರಡು ಪೈಪು ಕೂಡಿಸುವ ಕಪ್ಲಿಂಗ್ ಸಿಗುತ್ತದೆ. ಕಿಟಕಿಗೆ ಹಾಕುವ ಲೋಹದ ಸೊಳ್ಳೆ ಜಾಲರಿಯ ತುಂಡನ್ನು ಪೈಪಿನ ಬಾಯಿಗಿಂತ ದೊಡ್ಡದಾಗಿ ಕತ್ತರಿಸಿ. ಬಾಣವನ್ನು ಪೈಪಿನೊಳಗೆ ಇಟ್ಟಮೇಲೆ, ಜಾಲರಿಯನ್ನು ಪೈಪಿನ ಬಾಯಿಗೆ ಅಡ್ಡ ಹಿಡಿದು, ಅದರ ಮೇಲೆ ಕಪ್ಲಿಂಗ್ ಒತ್ತಿ ಕೂರಿಸಿ, ಕಪ್ಲಿಂಗಿಗೆ ಬಾಯಿ ಹಚ್ಚಿ ಊದಿರಿ. ಜಾಲರಿಯ ಅಂಚು ಕಪ್ಲಿಂಗಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರಬೇಕು, ಅಲುಗಾಡಬಾರದು. ಗಾಳಿಗೆ ಚೂರು ತಡೆ ಆಗುತ್ತೆ, ವೇಗ ಸ್ವಲ್ಪ ಇಳಿಯುತ್ತೆ. ಇಳೀಲಿ ಬಿಡ್ರಿ. ಪ್ರತಿ ಸಲ ಕಪ್ಲಿಂಗ್ ಬಿಚ್ಚಿ ಹಾಕೋದು ಕಿರಿಕಿರಿ ಅಂತ ಹುಡುಗರು ಗೊಣಗುತ್ತಾರೆ, ಅದಕ್ಕೆ ಕಿವಿಗೊಡಬೇಡಿ.

ಒಂದುವೇಳೆ ಒಳಗೆ ಹೋಗೇಬಿಟ್ಟರೆ? ಹುಡುಗ ಕೆಮ್ಮುತ್ತಿದ್ದರೆ, ಮಾತಾಡುತ್ತಿದ್ದರೆ, ಕೆಮ್ಮಲಿ ಬಿಡಿ. ಬಾಯಿಗೆ ಕೈ ಹಾಕಿ ಹುಡುಕಬೇಡಿ, ನೀರು, ಬಾಳೆಹಣ್ಣು ಕೊಡಬೇಡಿ. ಮಾತು ಬರ್ತಿಲ್ಲ, ಉಸಿರು ಬರ್ತಿಲ್ಲ ಅಂದ್ರೆ ಮುಂದಕ್ಕೆ ಬಗ್ಗಿಸಿ ಎರಡು ಹೆಗಲೆಲುಬಿನ ನಡುವೆ ಅಂಗೈಯಿಂದ ಐದು ಗುದ್ದು. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲ್ಭಾಗಕ್ಕೆ ಮುಷ್ಟಿ ಇಟ್ಟು ಒಳಗೆ-ಮೇಲಕ್ಕೆ ಐದು ಸಲ ಒತ್ತು. ಎರಡನ್ನೂ ಬದಲಿಸುತ್ತಾ ಮಾಡಬೇಕು, ಜೊತೆಗಿದ್ದವರು 108ಕ್ಕೆ ಕರೆ ಮಾಡಬೇಕು.

ಮೋಸ ಹೋಗೋದು ಎಲ್ಲಿ ಅಂದ್ರೆ, ಸ್ವಲ್ಪ ಹೊತ್ತಿನಲ್ಲಿ ಕೆಮ್ಮು ನಿಲ್ಲುತ್ತದೆ. ಬೈಸಿಕೊಳ್ಳಬೇಕಾದೀತು ಅಂತ ಹುಡುಗ ಬಾಯಿ ಬಿಡೋದಿಲ್ಲ. ಮನೆಯವರು ನೆಗಡಿ ಕೆಮ್ಮು ಅಂತ ಸಿರಪ್ ಕೊಡುತ್ತಾರೆ. ಕಾಗದ, ಪ್ಲಾಸ್ಟಿಕ್ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣೋದಿಲ್ಲ. ವೈದ್ಯರಿಗೆ 'ಊದುಗೊಳವೆ ಆಡ್ತಿದ್ದ' ಅಂತ ನೀವೇ ಹೇಳಬೇಕು. ತೆಗೆಯೋದಕ್ಕೆ ಬ್ರಾಂಕೋಸ್ಕೋಪಿ ಬೇಕು, ಅಂದರೆ ಶ್ವಾಸನಾಳದೊಳಗೆ ದುರ್ಬೀನು ಇಳಿಸಿ ಹುಡುಕಿ ಹಿಡಿದು ತರಬೇಕು. ಅದು ಊರಿನ ಸಣ್ಣ ದವಾಖಾನೆಯ ಕೆಲಸ ಅಲ್ಲ. ಕಾಗವಾಡ, ಅಥಣಿಯವರಿಗೆ ಮಿರಜ, ಉಳಿದವರಿಗೆ ಬೆಳಗಾವಿಯಂಥ ದೊಡ್ಡ ಊರಿನ ಆಸ್ಪತ್ರೆಯೇ ಬೇಕಾದೀತು. ಮನೆಯಲ್ಲಿ ಒಂದು ಮಾತು ಮೊದಲೇ ಹೇಳಿಡ್ರಿ: "ಬಾಣ ನುಂಗಿದ್ರ ಬೈಯೂದಿಲ್ಲ, ಆದ್ರ ಆ ಕ್ಷಣಾನ ಹೇಳಬೇಕು."

ಹಕ್ಕಿಯ ಮಾತು ಚುಟುಕಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನವಿಲು, ಗಿಳಿ ಇಂಥವನ್ನು ಹೊಡೆಯೋದು ಅಪರಾಧ, ಹುಡುಗಾಟ ಅಂದರೂ ಅಪರಾಧವೇ. ಬೀದಿ ನಾಯಿ, ಬೆಕ್ಕೂ ಗುರಿ ಅಲ್ಲ.

ಗುರಿಗೆ ಹಳೇ ದಿನಪತ್ರಿಕೆಯ ಒಂದು ಹಾಳೆ ಸಾಕು. ಹಿತ್ತಲಲ್ಲಿ ಹಗ್ಗಕ್ಕೆ ಎರಡು ಕ್ಲಿಪ್ ಹಾಕಿ ಜೋತು ಬಿಡಿ, ಹಿಂದೆ ಗೋಣಿಚೀಲ ಕಟ್ಟಿ, ಅದರ ಹಿಂದೆ ಗೋಡೆ ಇರಲಿ. ಊದುವವನ ಮುಂದೆ ಯಾರೂ ನಿಲ್ಲಬಾರದು, ಎಲ್ಲರ ಬಾಣ ಮುಗಿಯೋ ತನಕ ಯಾರೂ ಆರಿಸೋದಕ್ಕೆ ಹೋಗಬಾರದು. ಮೊದಲು ಮೂರು ಮೀಟರ್‌ನಿಂದ ಶುರು ಮಾಡ್ರಿ. ಆರು ಮೀಟರ್‌ಗೆ ಹೋದಾಗ ಬಾಣ ಗುರಿಗಿಂತ ಕೆಳಗೆ ಬೀಳ್ತಿದೆ ಅನ್ನಿಸಿದರೆ ಕೊಳವೆ ಸೊಟ್ಟ ಐತಿ ಅಂತ ತಿಳೀಬೇಡಿ. ಗಂಟೆಗೆ 100 ಕಿಲೋಮೀಟರ್ ವೇಗದ ಬಾಣ ಆರು ಮೀಟರ್ ಹೋಗೋದರೊಳಗೆ ಒಂದು ಗೇಣು ಕೆಳಗಿಳಿದಿರುತ್ತದೆ, ಕಾಗದದ್ದಾದರೆ ಇನ್ನೂ ಸ್ವಲ್ಪ ಹೆಚ್ಚು. ಆ ಗೇಣಿನಷ್ಟು ಮೇಲೆ ಗುರಿ ಇಡ್ರಿ. ಎಡಕ್ಕೆ ಬಲಕ್ಕೆ ಹೋಗ್ತಿದ್ದರೆ ಬಾಣದ ಹಿಂಭಾಗ ಓರೆಯಾಗಿ ಕತ್ತರಿಸಿದ್ದೀರಿ, ಹೊಸದು ಸುತ್ತಿರಿ. ತಲೆ ಗಿಮ್ ಅಂತಿದ್ದರೆ ಊದಿದ್ದು ಹೆಚ್ಚಾಯ್ತು, ಹತ್ತು ನಿಮಿಷ ಕೂತು ನೀರು ಕುಡೀರಿ.