ಹಾಸ್ಟೆಲಿನ ಕರೆಂಟು, ವಿದ್ಯಾರ್ಥಿಗಳ ಲೆಕ್ಕ

ಮನೆಯಲ್ಲಿ ಎಷ್ಟು ಯೂನಿಟ್ ವಿದ್ಯುತ್ ಖರ್ಚಾಯಿತೆಂಬುದನ್ನು ತಿಂಗಳ ಬಿಲ್ಲು ಹೇಳುತ್ತದೆ. ಹಾಸ್ಟೆಲಿನಲ್ಲಿ ಹಾಗೆ ಹೇಳುವ ವ್ಯವಸ್ಥೆಯೇ ಸಾಮಾನ್ಯವಾಗಿ ಇರುವುದಿಲ್ಲ. ಕೊಠಡಿಯ ಶುಲ್ಕದೊಳಗೆ ವಿದ್ಯುತ್ತಿನ ವೆಚ್ಚವೂ ಸೇರಿಹೋಗಿರುವುದರಿಂದ ದೀಪ ಆರಿಸಿ ಹೊರಟವನಿಗೂ ಉರಿಯಬಿಟ್ಟು ಹೊರಟವನಿಗೂ ಒಂದೇ ದರ ಬೀಳುತ್ತದೆ, ಮತ್ತು ಅನೇಕ ಕಟ್ಟಡಗಳಿಗೆ ಸೇರಿ ಒಂದೇ ಮೀಟರ್ ಇರುವ ಆವರಣಗಳಲ್ಲಿ ಯಾವ ಕಟ್ಟಡ ಎಷ್ಟು ಬಳಸುತ್ತಿದೆಯೆಂಬುದು ಆಡಳಿತಕ್ಕೂ ಗೊತ್ತಿರುವುದಿಲ್ಲ. ಇಂಧನ ದಕ್ಷತೆ, ಅಂದರೆ ಅಷ್ಟೇ ಬೆಳಕು, ಅಷ್ಟೇ ಗಾಳಿ, ಅಷ್ಟೇ ಬಿಸಿನೀರನ್ನು ಕಡಿಮೆ ವಿದ್ಯುತ್ತಿನಲ್ಲಿ ಪಡೆಯುವ ಕ್ರಮ, ವಿಶ್ವವಿದ್ಯಾಲಯಗಳಲ್ಲಿ ಬಹುಕಾಲ ಹಿಂದುಳಿದದ್ದಕ್ಕೆ ಈ ಕಾಣದ ಬಳಕೆಯೂ ಒಂದು ಮುಖ್ಯ ಕಾರಣ.

ಆ ಬಳಕೆಯನ್ನು ಕಣ್ಣಿಗೆ ಕಾಣುವಂತೆ ಮಾಡಿದರೆ ಏನಾಗಬಹುದೆಂಬುದನ್ನು ಅಮೆರಿಕದ ಒಹಾಯೊ ರಾಜ್ಯದ ಓಬರ್ಲಿನ್ ಕಾಲೇಜು 2005ರ ವಸಂತದಲ್ಲಿ ತೋರಿಸಿಕೊಟ್ಟಿತು. ಅಲ್ಲಿನ ಪ್ರಾಧ್ಯಾಪಕ ಜಾನ್ ಪೀಟರ್ಸನ್ ಮತ್ತು ವಿದ್ಯಾರ್ಥಿಗಳು ಕೂಡಿ ರೂಪಿಸಿದ ವ್ಯವಸ್ಥೆಯಲ್ಲಿ ಎರಡು ವಿದ್ಯಾರ್ಥಿನಿಲಯಗಳಿಗೆ ತಾವಾಗಿಯೇ ಮಾಹಿತಿ ಕಳುಹಿಸುವ ಮೀಟರುಗಳನ್ನು ಜೋಡಿಸಲಾಯಿತು. ಆ ಕ್ಷಣದ ಬಳಕೆಯನ್ನು ನಿವಾಸಿಗಳು ಕಂಪ್ಯೂಟರಿನ ಪರದೆಯ ಮೇಲೆ ಆಗಿಂದಾಗಲೇ ನೋಡಬಹುದಾಗಿತ್ತು. ಉಳಿದ 20 ನಿಲಯಗಳ ಮೀಟರುಗಳನ್ನು ಮಾತ್ರ ವಾರಕ್ಕೊಮ್ಮೆ ಕೈಯಾರೆ ಓದಿ ಅಂಕಿಗಳನ್ನು ತಿಳಿಸಲಾಗುತ್ತಿತ್ತು. ಯಾವ ನಿಲಯ ಹೆಚ್ಚು ಉಳಿಸುತ್ತದೆಂದು ನಿಲಯಗಳ ನಡುವೆ ಏರ್ಪಡಿಸಿದ್ದ ಎರಡು ವಾರಗಳ ಸ್ಪರ್ಧೆ ಮುಗಿಯುವ ಹೊತ್ತಿಗೆ ವಿದ್ಯುತ್ ಬಳಕೆ ಒಟ್ಟಾರೆ ಶೇಕಡ 32ರಷ್ಟು ತಗ್ಗಿ 68,300 ಯೂನಿಟ್ ಉಳಿದಿತ್ತು. ಹಣದ ಲೆಕ್ಕದಲ್ಲಿ ಇದು 5,107 ಡಾಲರ್. ವಾತಾವರಣಕ್ಕೆ ಸೇರದೆ ಉಳಿದ ಇಂಗಾಲದ ಡೈಆಕ್ಸೈಡ್ ಸುಮಾರು 67 ಟನ್. ವಾರಕ್ಕೊಮ್ಮೆ ಅಂಕಿ ಪಡೆದ ನಿಲಯಗಳು ಶೇಕಡ 31ರಷ್ಟು ಉಳಿಸಿದರೆ, ಕ್ಷಣಕ್ಷಣದ ಬಳಕೆಯನ್ನು ಕಂಡ ಎರಡು ನಿಲಯಗಳು ಶೇಕಡ 55ರಷ್ಟು ಉಳಿಸಿದವು. ಎರಡೇ ನಿಲಯಗಳ ಫಲಿತಾಂಶವನ್ನು ಎಲ್ಲ ಕಡೆಗೂ ಅನ್ವಯಿಸಲಾಗದೆಂಬುದು ನಿಜವಾದರೂ ಅಂತರ ಸಣ್ಣದಲ್ಲ. ಅದೇ ಸ್ಪರ್ಧೆಯಲ್ಲಿ ನೀರಿನ ಬಳಕೆ ತಗ್ಗಿದ್ದು ಶೇಕಡ 3 ಮಾತ್ರ.

ಮುಂದೆ ಓಬರ್ಲಿನ್‌ನ ನಿಲಯಗಳ ಪ್ರವೇಶಾಂಗಣದಲ್ಲಿ ಗಾಜಿನ ಗೋಲದಂತಹ ದೀಪಗಳು ಬಂದವು. ಆ ಹೊತ್ತಿಗೆ ಸಾಮಾನ್ಯವಾಗಿ ಆಗುವ ಬಳಕೆಗಿಂತ ಕಡಿಮೆಯಾಗಿದ್ದರೆ ಹಸಿರು, ಹೆಚ್ಚಾದಂತೆ ಕೆಂಪಿನ ಕಡೆಗೆ ತಿರುಗುವ ಈ ಗೋಲವನ್ನು ಅರ್ಥಮಾಡಿಕೊಳ್ಳಲು ಕಿಲೋವ್ಯಾಟ್ ಎಂದರೇನೆಂದು ಯಾರಿಗೂ ತಿಳಿದಿರಬೇಕಾಗಿಲ್ಲ. ಊಟಕ್ಕೆ ಹೊರಟವನು ಬಾಗಿಲ ಬಳಿ ಕೆಂಪು ಬಣ್ಣ ಕಂಡು ಹಿಂದಿರುಗಿ ಕೋಣೆಯ ದೀಪ ಆರಿಸಲು ಅಷ್ಟು ಸಾಕು.

ಇಷ್ಟಾದರೂ ಸ್ಪರ್ಧೆಯಿಂದ ಆದ ಉಳಿತಾಯಕ್ಕೆ ಒಂದು ಮಿತಿಯಿದೆ. ಗೆಲ್ಲುವ ಹುಮ್ಮಸ್ಸಿನಲ್ಲಿ ನಡುಪಡಸಾಲೆಯ ಬಲ್ಬುಗಳನ್ನೇ ಕಳಚಿಟ್ಟು ಕತ್ತಲಲ್ಲಿ ಎರಡು ವಾರ ಓಡಾಡಬಹುದು, ವರ್ಷವಿಡೀ ಓಡಾಡಲಾಗದು. ಅಭ್ಯಾಸದಿಂದ ಬಂದ ಉಳಿತಾಯ ಅಭ್ಯಾಸ ಸಡಿಲಿದಂತೆ ಕರಗುತ್ತದೆ. ಬಲ್ಬನ್ನೇ ಬದಲಿಸಿದರೆ ಬಂದ ಉಳಿತಾಯ ಯಾರೂ ನೆನಪಿಡದಿದ್ದರೂ ಉಳಿಯುತ್ತದೆ. ದಿನಕ್ಕೆ 5 ಗಂಟೆ ಉರಿಯುವ 60 ವ್ಯಾಟಿನ ಹಳೆಯ ತಂತಿಬಲ್ಬಿನ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಹಾಕಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ, ಮತ್ತು ದೊಡ್ಡ ಆವರಣದಲ್ಲಿ ಇಂತಹ ಹೋಲ್ಡರುಗಳು ಸಾವಿರಗಟ್ಟಲೆ ಇರುತ್ತವೆ. ಇದಕ್ಕಿಂತ ಹೆಚ್ಚಿನ ಉಳಿತಾಯ ಅಡಗಿರುವುದು ವಿದ್ಯಾರ್ಥಿಗಳ ಕಣ್ಣಿಗೆ ಮೊದಲು ಬೀಳದ ಜಾಗದಲ್ಲಿ, ಗಾಳಿಯಾಡಿಸುವ ದೊಡ್ಡ ಫ್ಯಾನುಗಳಲ್ಲಿ. ಫ್ಯಾನಿಗೆ ಬೇಕಾಗುವ ವಿದ್ಯುತ್ತು ಅದರ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಶೇಕಡ 80ಕ್ಕೆ ಇಳಿಸಿದರೆ ವಿದ್ಯುತ್ತು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಡುಗೆ ನಡೆಯದ ಹೊತ್ತಿನಲ್ಲೂ ಪೂರ್ಣ ವೇಗದಲ್ಲಿ ತಿರುಗುವ ಭೋಜನಶಾಲೆಯ ಹೊಗೆ ಹೊರದೂಡುವ ಫ್ಯಾನಿಗೆ ವೇಗ ನಿಯಂತ್ರಕ ಜೋಡಿಸುವುದು ಇದೇ ನಿಯಮದ ಬಲದಿಂದ ಲಾಭದಾಯಕ.

ಇಂತಹ ಬದಲಾವಣೆಗೆ ಮೊದಲೇ ಹಣ ಬೇಕು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣದ ವಿದ್ಯಾರ್ಥಿಗಳು 2007ರಲ್ಲಿ ಮತ ಹಾಕಿ, ಪ್ರತಿಯೊಬ್ಬರೂ ಸೆಮಿಸ್ಟರಿಗೆ 5 ಡಾಲರ್ ಕೊಡುವ ಶುಲ್ಕವೊಂದನ್ನು ತಮ್ಮ ಮೇಲೆ ತಾವೇ ಹೇರಿಕೊಂಡು ಹಸಿರು ಕೆಲಸಗಳಿಗೆ ಅನುದಾನ ಕೊಡುವ ನಿಧಿ ಕಟ್ಟಿದರು. ಶುಲ್ಕ ಹೆಚ್ಚಳವನ್ನು ವಿದ್ಯಾರ್ಥಿಗಳೇ ಕೇಳಿ ಪಡೆದದ್ದು ಅಪರೂಪದ ಸಂಗತಿ, ಗೌರವಕ್ಕೆ ಯೋಗ್ಯವಾದದ್ದು. ಆದರೆ ಅನುದಾನ ಒಮ್ಮೆ ಖರ್ಚಾದರೆ ಮುಗಿಯಿತು. ಮಿನ್ನೆಸೋಟದ ಮ್ಯಾಕಲೆಸ್ಟರ್ ಕಾಲೇಜಿನಲ್ಲಿ 2006ರಲ್ಲಿ ವಿದ್ಯಾರ್ಥಿಗಳ ಪ್ರಯತ್ನದಿಂದ ಆರಂಭವಾದ ನಿಧಿಯದು ಬೇರೆ ದಾರಿ. ಕರ್ನಾಟಕದ ಸ್ವಸಹಾಯ ಸಂಘಗಳಲ್ಲಿ ಒಬ್ಬ ಸದಸ್ಯೆ ತೀರಿಸಿದ ಸಾಲ ಇನ್ನೊಬ್ಬ ಸದಸ್ಯೆಯ ಸಾಲವಾಗುವ ಸುತ್ತುನಿಧಿಯ ಹಾಗೆಯೇ, ಇಲ್ಲಿ ನಿಧಿ ಕಟ್ಟಡಕ್ಕೆ ಸಾಲ ಕೊಡುತ್ತದೆ. ಬಿಲ್ಲಿನಲ್ಲಿ ಉಳಿದ ಹಣದಿಂದ ಸಾಲ ತೀರುತ್ತದೆ. ತೀರಿದ ಹಣ ಮುಂದಿನ ಕಟ್ಟಡಕ್ಕೆ ಹೋಗುತ್ತದೆ. ಹಣಕಾಸು ಅಧಿಕಾರಿ ಒಪ್ಪಬಹುದಾದ ಭಾಷೆಯಲ್ಲಿ ವಿದ್ಯಾರ್ಥಿಗಳು ಮಾತನಾಡಲು ಕಲಿತದ್ದು ಇಂತಹ ನಿಧಿಗಳಿಂದಲೇ ಎನ್ನಬೇಕು.

ಸುತ್ತುನಿಧಿಯ ತೊಡಕಿರುವುದು ಅದರ ಲೆಕ್ಕದಲ್ಲೇ. ಹಾಕಿದ ಹಣ ಬೇಗ ಮರಳಬೇಕೆಂಬ ಒತ್ತಡದಲ್ಲಿ ಬಲ್ಬಿನ ಕೆಲಸವೇ ಮತ್ತೆಮತ್ತೆ ಆಯ್ಕೆಯಾಗಿ, ಕಿಟಕಿಗೆ ಎರಡು ಪದರದ ಗಾಜು, ಛಾವಣಿಗೆ ಉಷ್ಣನಿರೋಧಕ ಪದರ ಮೊದಲಾದ ನಿಧಾನವಾಗಿ ಫಲ ಕೊಡುವ ಕೆಲಸಗಳು ಹಿಂದೆ ಬೀಳುತ್ತವೆ. ಇದಕ್ಕಿರುವ ಪರಿಹಾರವೆಂದರೆ ಎರಡನ್ನೂ ಒಂದೇ ಯೋಜನೆಯಾಗಿ ಸೇರಿಸಿ ಸಾಲ ಕೇಳುವುದು. 1 ಲಕ್ಷ ಡಾಲರ್ ಹಾಕಿ ವರ್ಷಕ್ಕೆ 50 ಸಾವಿರ ಉಳಿಸುವ ದೀಪದ ಕೆಲಸಕ್ಕೆ, ಅಷ್ಟೇ ಹಣ ಬೇಡಿ ವರ್ಷಕ್ಕೆ 10 ಸಾವಿರ ಮಾತ್ರ ಉಳಿಸುವ ಛಾವಣಿಯ ಕೆಲಸವನ್ನು ಕೂಡಿಸಿದರೆ, ಒಂಟಿಯಾಗಿ 10 ವರ್ಷ ಕಾಯಬೇಕಾಗಿದ್ದ ಛಾವಣಿಯೂ ಸೇರಿ ಇಡೀ ಸಾಲ ಮೂರೂವರೆ ವರ್ಷದೊಳಗೆ ತೀರುತ್ತದೆ. ಪದವಿಗೆ ಸೇರಿದ ವಿದ್ಯಾರ್ಥಿ ತಾನು ಆವರಣ ಬಿಡುವ ಮೊದಲೇ ಅದರ ಕೊನೆಯ ಕಂತನ್ನು ಕಾಣಬಹುದು.